ಬತ್ತಿದ ಕೆರೆಯಂಗಳ ಖಾಲಿ ಜಾಗ ಅಲ್ಲ

ಮೇ ತಿಂಗಳ ಬೆಳಗಿನ ಆರೂವರೆ. ಹಾನಗಲ್ ತಾಲ್ಲೂಕಿನ ಒಂದು ಕೆರೆ ಏರಿಯ ಮೇಲೆ ಬೈನಾಕ್ಯುಲರ್ ಹಿಡ್ಕೊಂಡು ನಿಂತಿದ್ದೆ. ಎಮ್ಮೆ ಹೊಡ್ಕೊಂಡು ಬಂದ ಹಿರಿಯರೊಬ್ಬರು ನನ್ನನ್ನ ಮೇಲಿಂದ ಕೆಳಗೆ ನೋಡಿ, ‘ಕೆರಿ ಬತ್ತಿ ಹೋಗೇತಿ, ಏನ್ ನೋಡಾಕ ಬಂದೀಯೋ ತಮ್ಮಾ?’ ಅಂದರು.

‘ಹಕ್ಕಿ ನೋಡಾಕತ್ತೀನ್ರಿ ಕಾಕಾ.’

‘ಹಕ್ಕಿ ನೋಡೂದಿದ್ರ ಚಳಿಗಾಲದಾಗ ಮಾಗಡಿ ಕೆರಿಗೆ ಹೋಗ್ಬೇಕಪ್ಪಾ. ಈಗ ಇಲ್ಲೇನೈತಿ?’

ಕಾಕಾ ಹೇಳಿದ್ದು ನಮ್ಮೆಲ್ಲರ ತಲೆಯಲ್ಲೂ ಇರುವ ಮಾತೇ. ಹಕ್ಕಿ ಅಂದ್ರೆ ಚಳಿಗಾಲ, ಪಟ್ಟೆತಲೆ ಹೆಬ್ಬಾತು, ದೂರದ ಮಂಗೋಲಿಯಾ, ಪತ್ರಿಕೆಯಲ್ಲಿ ಕಲರ್ ಫೋಟೊ. ಮಾರ್ಚ್ ಮುಗಿಯುವ ಹೊತ್ತಿಗೆ ಹೆಬ್ಬಾತುಗಳು ಹೊರಟುಹೋಗುತ್ತವೆ, ಸುದ್ದಿಯೂ ಮುಗಿಯುತ್ತದೆ. ಏಷ್ಯಾದ ಉದ್ದಗಲಕ್ಕೂ ನಡೆಯುವ ನೀರುಹಕ್ಕಿ ಗಣತಿ ಕೂಡ ಜನವರಿಯಲ್ಲೇ. ಅಂದರೆ ಕೆರೆಯ ಬಗ್ಗೆ ನಮ್ಮಲ್ಲಿರುವ ಬಹುಪಾಲು ಲೆಕ್ಕ ಚಳಿಗಾಲದ್ದು. ಆದರೆ ಕೆರೆಯ ಹಣೆಬರಹ ಬರೆಯೋದು ಬೇಸಿಗೆಯಲ್ಲಿ. ಹೂಳೆತ್ತುವ ಟೆಂಡರ್, ಮಣ್ಣು ಹೊರುವ ಟಿಪ್ಪರ್, ಏರಿಗೆ ಕಲ್ಲು ಜೋಡಿಸುವ ಕೆಲಸ, ವಾಕಿಂಗ್ ಪಾತ್, ಒತ್ತುವರಿ, ಎಲ್ಲವೂ ಏಪ್ರಿಲ್-ಮೇ ತಿಂಗಳಲ್ಲಿ ನಡೆಯುತ್ತವೆ. ಯಾರೂ ಎಣಿಸದ ಕಾಲದಲ್ಲೇ ಎಲ್ಲ ತೀರ್ಮಾನ ಆಗಿಬಿಡುತ್ತೆ. ನಾನು ಬರೆಯುತ್ತಿರುವುದು ಈ ಎಡವಟ್ಟಿನ ಬಗ್ಗೆ.

ಕಾಕಾನ ಎಮ್ಮೆ ಕಾಲಿನ ಹತ್ತಿರ

ಆ ಬೆಳಿಗ್ಗೆ ಕೆರೆಯಲ್ಲಿ ಉಳಿದಿದ್ದು ಕಾಲುಭಾಗ ನೀರು. ಆದರೆ ನೀರು ಹಿಂದೆ ಸರಿದ ಕಡೆ ಹಸಿ ಕೆಸರಿನ ದೊಡ್ಡ ಪಟ್ಟಿ. ಅಲ್ಲಿ ಮೆಟ್ಟುಗಾಲು ಹಕ್ಕಿಗಳು, ಬೆಳ್ಳಕ್ಕಿ, ಬಿಳಿ ಕೆಂಬರಲು, ನಾಲ್ಕಾರು ಬಾಯ್ಕಳಕ. ಇನ್ನೂ ಆಚೆ ಒಣಗಿ ಬಿರುಕು ಬಿಟ್ಟ ನೆಲದಲ್ಲಿ ಒಂದು ಜೋಡಿ ಟಿಟ್ಟಿಭ. ಎಮ್ಮೆ ಹತ್ತಿರ ಹೋದಾಗೆಲ್ಲ ಅದು ಎದ್ದು ನಿಂತು ರೆಕ್ಕೆ ಹರಡಿ ಕಿರುಚುತ್ತಿತ್ತು. ಅಲ್ಲಿ ಮೊಟ್ಟೆ ಇತ್ತು.

ಟಿಟ್ಟಿಭ ಗೂಡು ಕಟ್ಟೋದಿಲ್ಲ. ನೆಲದಲ್ಲೊಂದು ಸಣ್ಣ ತಗ್ಗು ಮಾಡಿ, ಸುತ್ತ ಹರಳು ಇಟ್ಟು ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತೆ. ಮೊಟ್ಟೆಯ ಬಣ್ಣ ಮಣ್ಣಿನ ಬಣ್ಣವೇ. ಮರಿ ಆಗೋಕೆ ಸುಮಾರು ನಾಲ್ಕು ವಾರ ಬೇಕು. ಬಿಸಿಲು ಏರಿದಾಗ ತಾಯಿಹಕ್ಕಿ ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತೆ. ಹತ್ತಿರದಲ್ಲಿ ನೀರಿದ್ದರೆ ಅದಕ್ಕೆ ಎಷ್ಟು ಅನುಕೂಲ ಅಂತ ಇದರಿಂದಲೇ ಗೊತ್ತಾಗುತ್ತೆ.

ಕಾಣದೇ ಇರೋದು ಇನ್ನೂ ಹೆಚ್ಚು. ಕೆರೆ ಆಮೆ ಬೇಸಿಗೆಯಲ್ಲಿ ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತೆ. ಗೋಂಕರು ಕಪ್ಪೆಗಳೂ ಹಾಗೇ, ಕೆರೆಯ ಬಸವನಹುಳುಗಳೂ ಹಾಗೇ. ಬಾಯ್ಕಳಕದ ಮುಖ್ಯ ಊಟವೇ ಆ ಬಸವನಹುಳು. ನಾವು ‘ಹೂಳು’ ಅಂತ ಕರೆಯೋದು ಅವುಗಳಿಗೆ ಮನೆ. ಆಮೆಯಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿಗೆ ಇರುವಷ್ಟೇ ಕಾನೂನು ರಕ್ಷಣೆ ಅದಕ್ಕಿದೆ, ಕಾಗದದ ಮೇಲೆ.

ಕಾನೂನಿನ ಕಣ್ಣಿಗೆ ಇದು ಜೌಗು ಅಲ್ಲ

ನಮ್ಮ ನಾಲ್ಕು ತಾಲ್ಲೂಕು, ಅಂದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಕೆರೆಗಳ ಸೀಮೆ. ಹಿರೇಕೆರೂರಿನ ಹೆಸರಲ್ಲೇ ಕೆರೆ ಇದೆ. ಹಾನಗಲ್ ಅರೆಮಲೆನಾಡು, ಪೂರ್ವಕ್ಕೆ ಸವಣೂರಿನತ್ತ ಬರುತ್ತಿದ್ದಂತೆ ಮಳೆ ಕಡಿಮೆ ಆಗುತ್ತಾ ಹೋಗುತ್ತೆ. ಹಿಂದೆ ಹಿರೇಕೆರೂರು ತಾಲ್ಲೂಕಿನಲ್ಲೇ ಇದ್ದ ಮಾಸೂರು ಬಳಿ, ವಿಜಯನಗರದ ಕಾಲದಲ್ಲಿ ಕುಮುದ್ವತಿ ನದಿಗೆ ಅಡ್ಡ ಕಟ್ಟಿದ ಮದಗದ ಕೆರೆ ಇದೆ. ಇಷ್ಟೆಲ್ಲ ಇದ್ದೂ ಈ ನಾಲ್ಕು ತಾಲ್ಲೂಕಿನ ಕೆರೆಗಳ ಪೈಕಿ ಒಂದೂ ರಾಮ್ಸಾರ್ ಪಟ್ಟಿಯಲ್ಲಿಲ್ಲ. ಪಕ್ಷಿಧಾಮ ನೋಡಬೇಕು ಅಂದ್ರೆ ನಾವು ಮುಂಡಗೋಡ ತಾಲ್ಲೂಕಿನ ಅತ್ತಿವೇರಿಗೋ, ಸೊರಬದ ಗುಡವಿಗೋ ಹೋಗಬೇಕು.

ಕಾರಣ ಬರೀ ನಿರ್ಲಕ್ಷ್ಯ ಅಲ್ಲ. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ ನಿಯಮಗಳನ್ನು ಓದಿ ನೋಡಿ. ಜೌಗು ಪ್ರದೇಶ ಅಂದರೇನು ಅಂತ ಹೇಳುವ ವ್ಯಾಖ್ಯೆಯಲ್ಲೇ ಕೆಲವನ್ನು ಹೊರಗಿಟ್ಟಿದ್ದಾರೆ: ನದಿ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದೇ ಮನುಷ್ಯರು ಮಾಡಿದ ಜಲಮೂಲ, ಮೀನು ಸಾಕಣೆ, ಉಪ್ಪು, ಮನರಂಜನೆ ಮತ್ತು ನೀರಾವರಿಗೆಂದೇ ಕಟ್ಟಿದವು. ಈ ಪಟ್ಟಿಯನ್ನು ನಮ್ಮ ಊರ ಮೇಲೆ ಇಟ್ಟು ನೋಡಿ. ಹಾನಗಲ್ಲಿನ ಗದ್ದೆ ಹೊರಗೆ. ಊರಿಗೆ ನೀರು ಕೊಡುವ ಕೆರೆ ಹೊರಗೆ. ಹೊಲಕ್ಕೆ ನೀರು ಹಾಯಿಸುವ ಕೆರೆ ಹೊರಗೆ. ಉಳಿದಿದ್ದೇನು?

ತಮಾಷೆ ಅಂದ್ರೆ, ಕಾಕಾ ಹೇಳಿದ ಮಾಗಡಿ ಕೆರೆಯೂ ನೀರಾವರಿಗೆ ಅಂತಲೇ ಮನುಷ್ಯರು ಕಟ್ಟಿದ್ದು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಈ ಕೆರೆ ಸವಣೂರಿನಿಂದ ಲಕ್ಷ್ಮೇಶ್ವರದ ಮೇಲೆ ಹೋದರೆ ಸಿಗುತ್ತೆ, ವಿಸ್ತೀರ್ಣ ಸುಮಾರು 50 ಹೆಕ್ಟೇರ್. 2024ರ ಜನವರಿಯಲ್ಲಿ ಅದು ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ರಾಮ್ಸಾರ್ ಪಟ್ಟಿ ಸೇರಿತು. ಅಂಕಸಮುದ್ರವೂ ಊರ ನೀರಾವರಿ ಕೆರೆಯೇ. ಅಂದರೆ ನೀರಾವರಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಆಗಬಹುದು, ಆದರೆ ಪಕ್ಕದ ತಾಲ್ಲೂಕಿನ ಅಂಥದೇ ಕೆರೆ ನಮ್ಮದೇ ನಿಯಮದ ಪ್ರಕಾರ ಜೌಗು ಪ್ರದೇಶವೇ ಅಲ್ಲ.

ಇಸ್ರೊದ ಉಪಗ್ರಹ ನಕ್ಷೆಗಳು ಕೆರೆಗಳನ್ನೂ ಜೌಗು ಪ್ರದೇಶ ಅಂತಲೇ ಗುರುತಿಸುತ್ತವೆ. ಆ ಲೆಕ್ಕದಲ್ಲಿ 2.25 ಹೆಕ್ಟೇರ್‌ಗಿಂತ ದೊಡ್ಡವು ದೇಶದಲ್ಲಿ 2,31,195 ಇವೆ. ಇವನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಗಡಿ ಗುರುತಿಸಿ ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು. ಇನ್ನೊಂದು ಕಡೆ 2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲ ಕೆರೆ ಸುತ್ತಲಿನ 30 ಮೀಟರ್ ಬಫರ್ ಅನ್ನು ಕೆರೆಯ ಅಳತೆಗೆ ತಕ್ಕಂತೆ ಇಳಿಸುವ ತಿದ್ದುಪಡಿ ವಿಧೇಯಕ ಪಾಸು ಮಾಡಿತು. ಬೆಂಗಳೂರಿನ ಸೈಟುಗಳ ಜಗಳದಲ್ಲಿ ಹುಟ್ಟಿದ ವಾದಕ್ಕೆ ಹಳ್ಳಿಯ ಸಣ್ಣ ಕೆರೆ ದಂಡ ಕಟ್ಟಬೇಕಾ ಅನ್ನೋದು ನನ್ನ ಪ್ರಶ್ನೆ.

ತುಂಬಿಸಿದರೆ ಸಾಕಾ?

ನಮ್ಮ ಕಡೆ ರಾಜಕಾರಣದಲ್ಲಿ ಕೆರೆ ಅಂದ್ರೆ ಒಂದೇ ಮಾತು: ‘ತುಂಬಿಸ್ತೀವಿ’. 2021ರಲ್ಲಿ ಹಾನಗಲ್, 2024ರಲ್ಲಿ ಶಿಗ್ಗಾಂವಿ ಉಪಚುನಾವಣೆ ಕಂಡವು. ಶಿಗ್ಗಾಂವಿ ಒಬ್ಬ ಮುಖ್ಯಮಂತ್ರಿಯನ್ನೂ ಕೊಟ್ಟಿತು. ಯಾವ ಪಕ್ಷದವರು ಬಂದರೂ ಏತ ನೀರಾವರಿ, ಪೈಪ್‌ಲೈನ್, ವರದಾ ನೀರು ಅನ್ನದೇ ಭಾಷಣ ಮುಗಿಯಲ್ಲ. ನಾನು ಇದನ್ನ ಆಡಿಕೊಳ್ಳುತ್ತಿಲ್ಲ. ಬೋರ್‌ವೆಲ್ ಬತ್ತಿದ ಊರಿಗೆ ಕೆರೆ ತುಂಬೋದು ಬದುಕಿನ ಪ್ರಶ್ನೆ. ಹೂಳೆತ್ತೋದೂ ಬೇಕು. ಹೂಳು ಹೊಲಕ್ಕೆ ಬಿದ್ದರೆ ಒಳ್ಳೆ ಗೊಬ್ಬರ, ಕೆರೆಯಲ್ಲಿ ನೀರಿಗೂ ಜಾಗ.

ತಕರಾರು ಇರೋದು ಹೇಗೆ ಅನ್ನೋದರಲ್ಲಿ. ಚಕ್ಕಡಿಯಲ್ಲಿ ಹೂಳು ಹೊರುತ್ತಿದ್ದ ಕಾಲದಲ್ಲಿ ರೈತರು ಅಲ್ಲಿಷ್ಟು ಇಲ್ಲಿಷ್ಟು ತೆಗೆಯುತ್ತಿದ್ದರು, ಉಳಿದ ಕಡೆ ಜೀವ ಉಳಿಯುತ್ತಿತ್ತು. ಈಗ ಜೆಸಿಬಿ, ಹಿಟಾಚಿ ಹದಿನೈದು ದಿನದಲ್ಲಿ ಇಡೀ ಅಂಗಳ ಕೆರೆದು ಹಾಕುತ್ತವೆ. ಬಿಲ್ಲು ಘನ ಮೀಟರ್ ಲೆಕ್ಕದಲ್ಲಿ ಆಗೋದರಿಂದ ಎಲ್ಲಿ ಒಳ್ಳೆ ಮಣ್ಣು ಸಿಗುತ್ತೋ ಅಲ್ಲಿ ಆಳಕ್ಕೆ ಬಗೆಯುತ್ತಾರೆ. ಅಂಚು ಕಡಿದಾದ ಗೋಡೆ ಆಗುತ್ತೆ. ಅಂಗಳದ ಜಾಲಿಮರಗಳೂ ಹೋಗುತ್ತವೆ. ಅಂಕಸಮುದ್ರದಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದು ನೀರಲ್ಲಿ ನಿಂತ ಇಂಥ ಜಾಲಿಮರಗಳ ಮೇಲೇ ಅನ್ನೋದು ಎಂಜಿನಿಯರ್‌ಗೆ ನೆನಪಿರಲ್ಲ.

ಇದು ಹಕ್ಕಿಗಳ ಕತೆ ಮಾತ್ರ ಅಲ್ಲ. ಎರಡು ವರ್ಷದ ಹಿಂದೆ ನಾನು ನೋಡಿದ ಒಂದು ಕೆರೆಯಲ್ಲಿ (ಊರ ಹೆಸರು ಬೇಡ) ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿ ಎರಡಾಳು ಆಳ ಇತ್ತು. ಜುಲೈನಲ್ಲಿ ಮತ್ತೆ ಹೋದಾಗ ಆ ಗುಂಡಿ ಕಾಣಲೇ ಇಲ್ಲ, ಮೇಲೆಲ್ಲ ಒಂದೇ ಸಮ ನೀರು. ಹುಡುಗರು ಮೊಣಕಾಲುದ್ದದ ನೀರಲ್ಲಿ ಎಮ್ಮೆ ತೊಳೆಯುತ್ತಾ ಆ ಕಡೆಗೇ ಸರಿಯುತ್ತಿದ್ದರು. ಕೂಗಿ ಕರೆದು ಈಚೆ ತಂದೆವು. ಒಂದೇ ಒಂದು ಬೋರ್ಡ್ ಇರಲಿಲ್ಲ. ಕೆರೆಯಲ್ಲಿ ಮುಳುಗಿ ಸತ್ತ ಮಕ್ಕಳ ಸುದ್ದಿ ನಮ್ಮ ಭಾಗದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಆಗಿ ಬರುತ್ತೆ. ‘ಈಜಲು ಹೋಗಿ’ ಅಂತಷ್ಟೇ ಬರೆದಿರುತ್ತೆ, ಗುಂಡಿ ತೋಡಿದ್ದು ಯಾರು ಅಂತ ಬರೆದಿರಲ್ಲ.

ನಿಧಾನವಾಗಿ ಇಳಿಯುವ ಅಂಚಿನಲ್ಲಿ ಮೆಟ್ಟುಗಾಲು ಹಕ್ಕಿ ಮೇಯುತ್ತೆ, ಎಮ್ಮೆ ಮಲಗುತ್ತೆ, ಮಗು ಕಾಲು ಊರಿ ನಿಲ್ಲುತ್ತೆ. ಕಡಿದಾದ ಅಂಚು ಮೂವರಿಗೂ ಕಂಟಕ. ಹಾಗಾಗಿ ‘ಹಕ್ಕಿ ಬೇಕಾ, ರೈತ ಬೇಕಾ’ ಅನ್ನೋ ಪ್ರಶ್ನೆಯೇ ತಪ್ಪು ಅಂತ ನಾನು ಹೇಳೋದು.

ಇನ್ನೊಂದು ಮಾದರಿಯ ‘ಅಭಿವೃದ್ಧಿ’ ಪಟ್ಟಣದ ಕೆರೆಗಳದ್ದು. ಸುತ್ತ ಕಲ್ಲಿನ ಗೋಡೆ, ಬಣ್ಣದ ಲೈಟು, ಬೋಟಿಂಗ್, ಸೆಲ್ಫಿ ಪಾಯಿಂಟ್. ಸಂಜೆ ಹೊತ್ತು ಊರಿನ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ನಿರಾಳವಾಗಿ ನಡೆದಾಡೋಕೆ ಜಾಗ ಬೇಕೇ ಬೇಕು. ಆದರೆ ಒಂದು ಕಡೆ ವಾಕಿಂಗ್ ಪಾತ್ ಸಾಕಲ್ಲ, ನಾಲ್ಕೂ ಕಡೆ ಯಾಕೆ?

ಬಂಕಾಪುರ ಕಲಿಸುವ ಪಾಠ

ಮಾದರಿ ಹುಡುಕೋಕೆ ವಿದೇಶಕ್ಕೆ ಹೋಗಬೇಕಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆ ಇದೆ. 2006ರಲ್ಲಿ ಅದನ್ನು ನವಿಲುಗಳ ಸಂರಕ್ಷಣಾ ತಾಣ ಅಂತ ಘೋಷಿಸಿದರು, 139 ಎಕರೆ. ಅದೇ ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ, ನಗರೇಶ್ವರ ದೇವಸ್ಥಾನವೂ ಇದೆ. ದನ, ದೇವರು, ಪ್ರವಾಸಿ, ನವಿಲು ಎಲ್ಲ ಒಂದೇ ಆವರಣದಲ್ಲಿ. ಮಳೆಗೆ ಮುಂಚಿನ ಈ ದಿನಗಳಲ್ಲಿ ಬೆಳಿಗ್ಗೆ ಹೋದರೆ ಗರಿಬಿಚ್ಚಿದ ನವಿಲು ಕಾಣಸಿಗುತ್ತೆ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದ ‘ಸಂರಕ್ಷಣಾ ಮೀಸಲು’, ‘ಸಮುದಾಯ ಮೀಸಲು’ ಅನ್ನುವ ವರ್ಗಗಳು ಇರೋದೇ ಇದಕ್ಕೆ. ಅಭಯಾರಣ್ಯದ ಹಾಗೆ ಜನರನ್ನು ಹೊರಗೆ ಹಾಕೋದಿಲ್ಲ. ಮಾಗಡಿ, ಅಂಕಸಮುದ್ರ ಎರಡೂ ಸಂರಕ್ಷಣಾ ಮೀಸಲುಗಳೇ. ನಮ್ಮ ನಾಲ್ಕು ತಾಲ್ಲೂಕಲ್ಲಿ ತಾಲ್ಲೂಕಿಗೆ ಒಂದು ಕೆರೆ ಆದರೂ ಹೀಗೆ ಆಗಬಾರದಾ?

ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಸಣ್ಣದು. ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಊರಲ್ಲಿ ಅದರ ಸದಸ್ಯರು ಯಾರು ಅಂತ ಕೇಳಿ. ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ಹಾವೇರಿ ಜಿಲ್ಲೆಯಲ್ಲೂ ನಡೆದಿತ್ತು, ಆಗ ಕೆರೆ ಬಳಕೆದಾರರ ಸಂಘಗಳು ಹುಟ್ಟಿದ್ದವು. ನಿಮ್ಮೂರ ಸಂಘ ಇನ್ನೂ ಜೀವಂತ ಇದೆಯಾ ನೋಡಿ. ಹೂಳೆತ್ತುವ ಕೆಲಸ ಗ್ರಾಮಸಭೆಗೆ ಬಂದಾಗ ನಾಲ್ಕು ಷರತ್ತು ಬರೆಸಿ. ಏರಿ ಕಡೆ ಆಳ ಮಾಡಿ, ನೀರು ಒಳಗೆ ಬರುವ ಕಡೆಯ ಕಾಲುಭಾಗ ಮುಟ್ಟಬೇಡಿ. ಅಂಚು ಇಳಿಜಾರಾಗಿಯೇ ಇರಲಿ. ಅಂಗಳದ ಮರ ಕಡಿಯಬೇಡಿ. ಯಂತ್ರ ಇಳಿಸುವ ಮುಂಚೆ ಒಂದು ಬೆಳಿಗ್ಗೆ ನಡೆದು ನೋಡಿ, ಮೊಟ್ಟೆ ಇದ್ದ ಜಾಗಕ್ಕೆ ನಾಲ್ಕು ವಾರ ಬಿಡುವು ಕೊಡಿ. ಇದಕ್ಕೆ ಹೊಸ ಕಾನೂನೂ ಬೇಡ, ಹೆಚ್ಚಿನ ದುಡ್ಡೂ ಬೇಡ.

ಈ ಬೇಸಿಗೆಯಲ್ಲಿ ಹೋಗುವುದಿದ್ದರೆ

ರಜೆಗೆ ಊರಿಗೆ ಬಂದವರು ಬೆಳಿಗ್ಗೆ ಎಂಟೂವರೆಯೊಳಗೆ ಇಲ್ಲಾ ಸಂಜೆ ಐದರ ಮೇಲೆ ಕೆರೆಗೆ ಹೋಗಿ. ನಡು ಮಧ್ಯಾಹ್ನ ಬೇಡ. ಆ ಬಿಸಿಲಲ್ಲಿ ನೀವು ಹತ್ತಿರ ನಿಂತು ತಾಯಿಹಕ್ಕಿ ಎದ್ದು ಹೋದರೆ ಮೊಟ್ಟೆ ಬೆಂದುಹೋಗುತ್ತೆ. ತಲೆ ಮೇಲೆ ಟಿಟ್ಟಿಭ ಕಿರುಚಿದರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಡ್ರೋನ್ ಹಾರಿಸಬೇಡಿ. ಕಂಡದ್ದನ್ನು ತಾರೀಖು, ಕೆರೆ ಹೆಸರು ಹಾಕಿ ಇ-ಬರ್ಡ್‌ನಲ್ಲಿ ದಾಖಲಿಸಿ. ಮೇ ತಿಂಗಳ ಒಂದು ಪಟ್ಟಿಗೆ ಜನವರಿಯ ಹತ್ತು ಪಟ್ಟಿಯ ಬೆಲೆ ಇದೆ, ಯಾಕಂದ್ರೆ ಮೇ ತಿಂಗಳಲ್ಲಿ ಬರೆಯುವವರೇ ಕಡಿಮೆ. ನಾಳೆ ಅಧಿಕಾರಿ ‘ಇಲ್ಲಿ ಏನೂ ಇಲ್ಲ’ ಅಂದಾಗ ತೋರಿಸೋಕೆ ನಮ್ಮ ಕೈಯಲ್ಲಿ ಇರೋದು ಆ ಪಟ್ಟಿ ಮಾತ್ರ.

ಆ ಬೆಳಿಗ್ಗೆ ನಾನು ಕಾಕಾನ ಕೈಗೆ ಬೈನಾಕ್ಯುಲರ್ ಕೊಟ್ಟೆ. ಮೊದಲು ಉಲ್ಟಾ ಹಿಡಿದರು, ಆಮೇಲೆ ಸರಿ ಮಾಡಿಕೊಂಡು ಸುಮಾರು ಹೊತ್ತು ನೋಡಿದರು. ‘ಅದರ ತತ್ತಿ ಅಲ್ಲೈತೇನು?’ ಅಂದವರೇ ಕೋಲು ಎತ್ತಿ ಎಮ್ಮೆಗಳನ್ನು ಇನ್ನೊಂದು ಮಗ್ಗುಲಿಗೆ ಹೊಡೆದುಕೊಂಡು ಹೋದರು.