ಗಲ್ಲೆಯ ಮುಂದಿನ ಆಟ: ಗೆಲ್ಲಬೇಕಾದವರು ಯಾರು?



ಈಚಿನ ವರ್ಷಗಳಲ್ಲಿ ಗಲ್ಲೆಯಲ್ಲಿ ಕುಳಿತವರಿಗೆ ಒಂದು ದೃಶ್ಯ ದಿನಕ್ಕೆ ಹತ್ತಾರು ಬಾರಿ ಕಾಣಸಿಗುತ್ತದೆ. ಗಿರಾಕಿ ತಿಂಡಿ ತಿಂದು, ಬಿಲ್ಲಿನ ಹಣವನ್ನು ಮೊಬೈಲಿನಿಂದ ಕಟ್ಟುತ್ತಾನೆ. ಕಟ್ಟಿದ ಮೇಲೂ ಹೊರಡುವುದಿಲ್ಲ. ಅಲ್ಲೇ ನಿಂತು ಮೊಬೈಲಿನ ಪರದೆಯನ್ನು ಬೆರಳಿನಿಂದ ಉಜ್ಜುತ್ತಾನೆ. ನಾಲ್ಕು ರೂಪಾಯಿ ಬಂದರೆ ನಗು, ಏನೂ ಬಾರದಿದ್ದರೆ ಒಂದು ಸಣ್ಣ ನಿಟ್ಟುಸಿರು. ಗೂಗಲ್ ಕಂಪೆನಿ 2017ರಲ್ಲಿ 'ತೇಜ್' ಎಂಬ ಹೆಸರಿನಲ್ಲಿ ತನ್ನ ಪಾವತಿ ಆ್ಯಪನ್ನು ತಂದಾಗ ಈ ಸ್ಕ್ರ್ಯಾಚ್ ಕಾರ್ಡ್ ಆಟ ಮನೆಮಾತಾಯಿತು. ತಿಂಡಿ ನಮ್ಮದು, ಜಾಗ ನಮ್ಮದು, ಗಿರಾಕಿಯೂ ನಮ್ಮವನೇ. ಆಟ ಮಾತ್ರ ಬೇರೆಯವರದು!

ಹಾಗಿರುವಾಗ ನಾವೂ ಒಂದು ಆಟ ಯಾಕೆ ಇಡಬಾರದು ಎಂಬ ಯೋಚನೆ ನಮ್ಮಲ್ಲಿ ಅನೇಕರಿಗೆ ಬಂದಿರಬಹುದು. ನನ್ನ ಹೋಟೆಲಿಗೂ ಕೆಲವು ತಿಂಗಳ ಹಿಂದೆ ಒಬ್ಬ ಯುವಕ ಬಂದಿದ್ದ. ಗಿರಾಕಿ ಮೊಬೈಲಿನಲ್ಲಿ ಚಕ್ರ ತಿರುಗಿಸುವುದು, ಬಹುಮಾನ ಗೆಲ್ಲುವುದು, ತಿಂಗಳ ಕೊನೆಗೆ ಒಬ್ಬನಿಗೆ ಸ್ಕೂಟರು. ನಾನು ಚಹಾ ಕುಡಿಸಿ ಕಳುಹಿಸಿಬಿಟ್ಟೆ. ಆಟ ಬೇಡವೆಂದಲ್ಲ. ಆಟ ಖಂಡಿತ ಬೇಕು, ಆದರೆ ಲಾಟರಿ ಬೇಡ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಕೈ ಸುಟ್ಟುಕೊಂಡವನ ಮಾತಿದು.

ಹೋಟೆಲಿಗೆ 25 ವರ್ಷ ತುಂಬಿದಾಗ ನಾನೂ ಉತ್ಸಾಹದಿಂದ ಕೂಪನ್ ಯೋಜನೆ ಮಾಡಿದ್ದೆ. ಇನ್ನೂರು ರೂಪಾಯಿ ಬಿಲ್ಲಿಗೆ ಒಂದು ಕೂಪನ್, ಪ್ರಥಮ ಬಹುಮಾನ ಕಲರ್ ಟಿ.ವಿ. ಒಂದು ಭಾನುವಾರ ಸಂಜೆ ಎಲ್ಲರೆದುರು ಚೀಟಿ ಎತ್ತಿಸಿದೆವು. ಬಹುಮಾನ ಬಂದದ್ದು ನಮ್ಮ ಕ್ಯಾಶಿಯರನ ಭಾವನಿಗೆ. ಅದರಲ್ಲಿ ಮೋಸವಿರಲಿಲ್ಲ, ದೇವರಾಣೆ. ಆದರೆ ಇಪ್ಪತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಬರುತ್ತಿದ್ದ ಒಬ್ಬ ಹಿರಿಯರು ಕೈ ತೊಳೆದು ಹೋಗುವಾಗ, "ಅಣ್ಣಾ, ಟಿ.ವಿ. ಮನೆಯೊಳಗೇ ಉಳಿಯಿತಲ್ಲ" ಅಂದರು. ನಗುತ್ತಲೇ ಹೇಳಿದರು. ಆಮೇಲೆ ಅನೇಕ ದಿನ ಬರಲಿಲ್ಲ. ಟಿ.ವಿ.ಯ ಹಣ ವರ್ಷದೊಳಗೆ ಮರೆತುಹೋಯಿತು, ಆ ಮಾತು ಈವರೆಗೆ ಮರೆತಿಲ್ಲ.

ದೊಡ್ಡವರೂ ಎಡವಿದ್ದಾರೆ

ನಾನು ಸಣ್ಣ ವ್ಯಾಪಾರಿ, ಲೆಕ್ಕ ತಪ್ಪಿತು ಎನ್ನಬಹುದು. ಆದರೆ ಜಗತ್ತಿನ ದೊಡ್ಡ ಕಂಪೆನಿಗಳ ಕಥೆ ಕೇಳಿ. ಅಮೇರಿಕದಲ್ಲಿ ಮೆಕ್‌ಡೊನಾಲ್ಡ್ಸ್ 1987ರಲ್ಲಿ 'ಮೊನೊಪೊಲಿ' ಆಟ ಆರಂಭಿಸಿತು. ಲೋಟ ಮತ್ತು ಪೊಟ್ಟಣಗಳ ಮೇಲಿನ ಚೀಟಿಯನ್ನು ಕಿತ್ತು ಜೋಡಿಸಿದರೆ ಬಹುಮಾನ, ದೊಡ್ಡದು ಹತ್ತು ಲಕ್ಷ ಡಾಲರ್. ಜನ ಮುಗಿಬಿದ್ದರು. 2001ರ ಆಗಸ್ಟಿನಲ್ಲಿ ಎಫ್.ಬಿ.ಐ. ಬಂಧನಗಳನ್ನು ಆರಂಭಿಸಿದಾಗ ನಿಜ ಹೊರಬಿತ್ತು. ಆಟ ನಡೆಸಿಕೊಡುತ್ತಿದ್ದ ಸಂಸ್ಥೆಯ ಭದ್ರತಾ ಮುಖ್ಯಸ್ಥನೇ ಗೆಲ್ಲುವ ಚೀಟಿಗಳನ್ನು ಕದ್ದು ತನ್ನವರಿಗೆ ಹಂಚುತ್ತಿದ್ದ. ಬೇಲಿಯೇ ಹೊಲ ಮೇಯ್ದಿತ್ತು.

ಫಿಲಿಪ್ಪೀನ್ಸ್ ದೇಶದ ಕಥೆ ಇನ್ನೂ ಘೋರ. 1992ರಲ್ಲಿ ಅಲ್ಲಿ ಪೆಪ್ಸಿ ಬಾಟಲಿಯ ಮುಚ್ಚಳದೊಳಗೆ ಮೂರಂಕಿಯ ಸಂಖ್ಯೆ ಇಟ್ಟು 10 ಲಕ್ಷ ಪೆಸೊಗಳವರೆಗೆ ಬಹುಮಾನ ಸಾರಿದರು. ಮೇ ತಿಂಗಳಲ್ಲಿ ಗೆದ್ದ ಸಂಖ್ಯೆ 349 ಎಂದು ಘೋಷಣೆಯಾಯಿತು. ಆದರೆ ತಪ್ಪಿನಿಂದ ಆ ಸಂಖ್ಯೆಯ ಮುಚ್ಚಳಗಳು ಲಕ್ಷಗಟ್ಟಲೆ ಹೊರಗೆ ಹೋಗಿದ್ದವು! ಬಡವರು ಮುಚ್ಚಳ ಹಿಡಿದು ಕಾರ್ಖಾನೆಯ ಗೇಟಿಗೆ ಬಂದರು. ಕಂಪೆನಿ ತಲೆಗೆ 500 ಪೆಸೊ ಕೊಡುವುದಾಗಿ ಹೇಳಿತು. ಗಲಭೆಯಾಯಿತು, ಲಾರಿಗಳು ಸುಟ್ಟವು, ಜೀವಗಳೂ ಹೋದವು. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಂಪೆನಿ ಆ ಬಹುಮಾನ ಕೊಡಬೇಕಾಗಿಲ್ಲ ಎಂದಿತು. ಕೋರ್ಟಿನಲ್ಲಿ ಗೆದ್ದರೇನು, ಜನರ ಮನಸ್ಸಿನಲ್ಲಿ ಸೋತಾಗಿತ್ತು.

ನಮ್ಮ ದೇಶದ ಕಾನೂನಿನತ್ತಲೂ ಗಮನವಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವ್ಯಾಪಾರ ವೃದ್ಧಿಗಾಗಿ ನಡೆಸುವ ಲಾಟರಿ, ಸ್ಪರ್ಧೆ, ಅದೃಷ್ಟದ ಆಟಗಳನ್ನು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಸೇರಿಸಿದೆ. ಬಹುಮಾನ ಯೋಜನೆ ಮುಗಿದ ಮೇಲೆ ಅದರ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದೂ ಅದೇ ಪಟ್ಟಿಯಲ್ಲಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಸಂಸತ್ತು 2025ರಲ್ಲಿ ನಿಷೇಧದ ಕಾಯ್ದೆ ತಂದದ್ದು ಎಲ್ಲರಿಗೂ ಗೊತ್ತು. ಆದ್ದರಿಂದ ಯಾರಾದರೂ ಚಕ್ರ ಹಿಡಿದುಕೊಂಡು ಬಂದರೆ, ಮೊದಲು ನಿಮ್ಮ ವಕೀಲರನ್ನು ಕೇಳಿ.

ಎಲ್ಲರೂ ಗೆಲ್ಲುವ ಆಟ

ಹಾಗಾದರೆ ಯಾವ ಆಟ ಬೇಕು? ಆಟವೆಂದರೆ ಗಿರಾಕಿಗೆ ಮಾತು ಕೊಟ್ಟ ಹಾಗೆ. ಕೊಟ್ಟ ಮಾತು ನಮ್ಮ ತಾಕತ್ತಿನೊಳಗಿರಬೇಕು, ಆಡಿದ ಪ್ರತಿಯೊಬ್ಬನಿಗೂ ಏನಾದರೂ ದಕ್ಕಬೇಕು. ಒಬ್ಬನಿಗೆ ಸ್ಕೂಟರು ಕೊಟ್ಟು ಸಾವಿರ ಜನರನ್ನು ಬರಿಗೈಯಲ್ಲಿ ಕಳುಹಿಸುವುದಕ್ಕಿಂತ, ಸಾವಿರ ಜನರಿಗೆ ಒಂದೊಂದು ದೋಸೆ ಕೊಡುವುದು ಮೇಲು. ಅನ್ನ ಬಡಿಸುವ ಕಸುಬಿನವರು ಪಂಕ್ತಿಭೇದ ಮಾಡಬಾರದು.

ಅಮೇರಿಕದಲ್ಲಿ ಜೋಸೆಫ್ ನೂನ್ಸ್ ಮತ್ತು ಕ್ಸೇವಿಯರ್ ಡ್ರೇಜ್ ಎಂಬ ಇಬ್ಬರು ಪ್ರಾಧ್ಯಾಪಕರು ಒಂದು ಕಾರು ತೊಳೆಯುವ ಅಂಗಡಿಯಲ್ಲಿ ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. 300 ಗಿರಾಕಿಗಳಿಗೆ ಕಾರ್ಡು ಹಂಚಿದರು. ಅರ್ಧ ಜನರಿಗೆ 8 ಮುದ್ರೆಯ ಕಾರ್ಡು, ಎಲ್ಲವೂ ಖಾಲಿ. ಉಳಿದವರಿಗೆ 10 ಮುದ್ರೆಯದು, ಅದರಲ್ಲಿ 2 ಮೊದಲೇ ಒತ್ತಿದ್ದು. ಎರಡರಲ್ಲೂ ಬಾಕಿ ಇರುವುದು ಎಂಟೇ. ಆದರೂ ಖಾಲಿ ಕಾರ್ಡನ್ನು ತುಂಬಿಸಿದವರು ಶೇಕಡಾ 19, ಎರಡು ಮುದ್ರೆ ಮುಂಚಿತವಾಗಿ ಸಿಕ್ಕವರಲ್ಲಿ ಶೇಕಡಾ 34! ಹೊರಟ ದಾರಿಯಲ್ಲಿ ಸ್ವಲ್ಪ ಮುಂದೆ ಬಂದಿದ್ದೇವೆ ಎಂದು ಕಂಡರೆ ಮನುಷ್ಯ ಗುರಿ ಮುಟ್ಟಲು ಹುರುಪು ತೋರುತ್ತಾನೆ.

ಇದನ್ನು ಓದಿದ ಮೇಲೆ ನಾನು 500 ಕಾರ್ಡು ಅಚ್ಚು ಹಾಕಿಸಿದೆ. ಮಧ್ಯಾಹ್ನ ಮೂರರಿಂದ ಆರರವರೆಗೆ, ಟೇಬಲು ಖಾಲಿ ಇರುವ ಹೊತ್ತಿಗೆ ಮಾತ್ರ. ಹತ್ತು ಮನೆ, ಎರಡಕ್ಕೆ ನಮ್ಮದೇ ಮುದ್ರೆ. ತುಂಬಿದರೆ ಒಂದು ಮಸಾಲೆ ದೋಸೆ. ಇದರಲ್ಲಿ ಚೀಟಿ ಎತ್ತುವುದಿಲ್ಲ, ಯಾರ ಭಾವನಿಗೂ ಟಿ.ವಿ. ಹೋಗುವುದಿಲ್ಲ. ಎಲ್ಲ ಕಾರ್ಡುಗಳೂ ತುಂಬಿ ಬಂದರೂ ನಾನು ಕೊಡಬೇಕಾದದ್ದು 500 ದೋಸೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಈ ಲೆಕ್ಕವನ್ನು ಅಚ್ಚಿಗೆ ಕೊಡುವ ಮೊದಲೇ ಮಾಡಬೇಕು. ಫಿಲಿಪ್ಪೀನ್ಸಿನಲ್ಲಿ ತಪ್ಪಿದ್ದು ಇದೇ ಲೆಕ್ಕ.

ಕಾಯುವ ಬೆಂಚಿನ ಮೇಲೆ

ಟೇಬಲಿನಲ್ಲಿ ಆಟ ಇಟ್ಟರೆ ಗಿರಾಕಿ ಏಳುವುದಿಲ್ಲ, ವ್ಯಾಪಾರ ಕೆಡುತ್ತದೆ ಎಂದು ನೀವು ಹೇಳಬಹುದು. ಸರಿಯಾದ ಮಾತು. ಆದ್ದರಿಂದ ಆಟದ ಜಾಗ ಟೇಬಲು ಅಲ್ಲ, ಭಾನುವಾರ ಬೆಳಿಗ್ಗೆ ಹೆಸರು ಬರೆಸಿ ಕಾಯುವ ಹೊರಗಿನ ಬೆಂಚು. ಅಲ್ಲಿ ಮಕ್ಕಳು ಅಳುತ್ತಾರೆ, ಅಪ್ಪಂದಿರು ಗಡಿಯಾರ ನೋಡುತ್ತಾರೆ. ನಾನು ಊರಿನಿಂದ ಒಂದು ಚೆನ್ನೆಮಣೆ ತರಿಸಿ ಅಲ್ಲಿಟ್ಟೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಅಜ್ಜಿಯಂದಿರು ಜಗಲಿಯಲ್ಲಿ ಆಡುತ್ತಿದ್ದ ಅದೇ ಮಣೆ. ಗುಜರಾತಿ, ಮರಾಠಿ ಮಕ್ಕಳು ಮೊದಲು ಬೀಜ ಎಣಿಸಿದರು, ಆಮೇಲೆ ನಿಯಮ ಕೇಳಿದರು. ಈಗ ಕೆಲವು ಮಕ್ಕಳು ಹೆಸರು ಕರೆದರೂ ಏಳುವುದಿಲ್ಲ!

ಜೊತೆಗೆ ಗೋಡೆಯ ಹಲಗೆಯಲ್ಲಿ ವಾರಕ್ಕೊಂದು ಪ್ರಶ್ನೆ ಬರೆಸುತ್ತೇನೆ. 'ಇಡ್ಲಿಯ ಹಳೆಯ ಉಲ್ಲೇಖ ಯಾವ ಭಾಷೆಯ ಗ್ರಂಥದಲ್ಲಿದೆ?' ಎಂದು ಕೇಳಿದಾಗ ಹೆಚ್ಚಿನವರು ತಮಿಳು ಅಂದರು. ಹತ್ತನೇ ಶತಮಾನದ ಕನ್ನಡದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಬರುತ್ತದೆ ಎಂದು ಮುಂದಿನ ವಾರ ಉತ್ತರ ಬರೆಸಿದೆ. ಬಹುಮಾನ ಏನೂ ಇಲ್ಲ. ಆದರೆ ಉತ್ತರ ನೋಡಲೆಂದೇ ಬಂದವರಿದ್ದಾರೆ, ಗಲ್ಲೆಯ ಬಳಿ ನಿಂತು ಮಾತಾಡಿದವರಿದ್ದಾರೆ. ಗಿರಾಕಿಯ ಜೊತೆ ನಾಲ್ಕು ಮಾತಾಡುವ ನಮ್ಮ ಹಿರಿಯರ ಪದ್ಧತಿ ಮೊಬೈಲು ಬಂದ ಮೇಲೆ ಮರೆಯಾಗುತ್ತಿತ್ತು. ಒಂದು ಹಲಗೆ ಅದನ್ನು ತಿರುಗಿ ತಂದಿತು.

ಹುಡುಗರಿಗೆ ಪಾಠ

ಆಟದ ದೊಡ್ಡ ಉಪಯೋಗ ಒಳಗಿದೆ. ನಮ್ಮ ಕಾಲದಲ್ಲಿ ಕುಂದಾಪುರ, ಕಾರ್ಕಳದ ಹುಡುಗರು ಬರುತ್ತಿದ್ದರು, ತಿಂಡಿಯ ಹೆಸರು ಹುಟ್ಟಿನಿಂದಲೇ ಗೊತ್ತಿರುತ್ತಿತ್ತು. ಈಗ ಒಡಿಶಾ, ಬಂಗಾಲ, ನೇಪಾಳದಿಂದ ಬರುವ ಹುಡುಗನಿಗೆ ರವಾ ದೋಸೆಗೂ ನೀರು ದೋಸೆಗೂ ವ್ಯತ್ಯಾಸ ಯಾರು ಕಲಿಸಬೇಕು? ಜೈನ್ ಎಂದು ಹೇಳಿದ ಟೇಬಲಿಗೆ ಈರುಳ್ಳಿ ಬಿದ್ದ ಸಾಂಬಾರು ಹೋದರೆ ಅದು ಸಣ್ಣ ತಪ್ಪಲ್ಲ, ಒಬ್ಬರ ವ್ರತಕ್ಕೆ ಭಂಗ.

2004ರಲ್ಲಿ 'ಡೈನರ್ ಡ್ಯಾಶ್' ಎಂಬ ಕಂಪ್ಯೂಟರ್ ಆಟ ಬಂದಿತ್ತು. ಆಫೀಸು ಬಿಟ್ಟ ಒಬ್ಬ ಹುಡುಗಿ ಹೋಟೆಲು ನಡೆಸುವ ಆಟ. ಗಿರಾಕಿಯನ್ನು ಕೂರಿಸುವುದು, ಆರ್ಡರು, ಸಪ್ಲೈ, ಬಿಲ್ಲು, ಟೇಬಲು ಒರೆಸುವುದು. ತಡವಾದರೆ ಗಿರಾಕಿಯ ತಲೆಯ ಮೇಲಿನ ಹೃದಯಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಒಂದೇ ಬಗೆಯ ಕೆಲಸವನ್ನು ಹಲವು ಟೇಬಲುಗಳಿಗೆ ಒಟ್ಟಿಗೆ ಮುಗಿಸಿದರೆ ಹೆಚ್ಚು ಅಂಕ. ನನ್ನ ಮಗಳು ಅದನ್ನು ಆಡುವುದನ್ನು ನೋಡಿ, ನಾನು ಹುಡುಗರಿಗೆ ಬೈದು ಕಲಿಸುತ್ತಿದ್ದುದೂ ಇದನ್ನೇ ಅಲ್ಲವೇ ಎನಿಸಿತು.

ಈಗ ನಮ್ಮಲ್ಲಿ ನಾಲ್ಕು ಗಂಟೆಗೆ ಹದಿನೈದು ನಿಮಿಷದ ಆಟವಿದೆ. ರಟ್ಟಿನ ಕಾರ್ಡಿನಲ್ಲಿ ತಿಂಡಿಯ ಚಿತ್ರ, ಹಿಂಬದಿಯಲ್ಲಿ ಹೆಸರು ಮತ್ತು ಜೊತೆಗೆ ಕೊಡಬೇಕಾದದ್ದು. ಒಬ್ಬ ಗಿರಾಕಿಯಾಗಿ ಆರು ಐಟಂ ಹೇಳುತ್ತಾನೆ, ಇನ್ನೊಬ್ಬ ಬರೆಯದೆ ಟ್ರೇ ಜೋಡಿಸಬೇಕು. ತಪ್ಪಿದರೆ ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಆಟದಲ್ಲಿ ತಪ್ಪಿದವನು ಟೇಬಲಿನಲ್ಲಿ ತಪ್ಪುವುದು ಕಡಿಮೆ.

ಒಂದು ಎಚ್ಚರಿಕೆ. ಹುಡುಗರ ಅಂಕಗಳನ್ನು ಗೋಡೆಗೆ ಹಚ್ಚಿ ಸಂಬಳಕ್ಕೆ ಜೋಡಿಸಬೇಡಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಹೋಟೆಲುಗಳ ಲಾಂಡ್ರಿಯಲ್ಲಿ ಕೆಲಸಗಾರರ ವೇಗವನ್ನು ಪರದೆಯ ಮೇಲೆ ಹೆಸರು ಸಹಿತ ತೋರಿಸಿದಾಗ, ಅವರು ಅದನ್ನು 'ಎಲೆಕ್ಟ್ರಾನಿಕ್ ಚಾಟಿ' ಎಂದು ಕರೆದದ್ದು 2011ರಲ್ಲಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಸೋತರೂ ನಗಬಹುದಾದದ್ದು ಆಟ. ಸೋತರೆ ಹೆದರಬೇಕಾದದ್ದು ಚಾಟಿಯೇ. ಗೆದ್ದರೆ ಇಡೀ ಪಾಳಿಗೆ ಐಸ್‌ಕ್ರೀಮು ಕೊಡಿ, ಸಾಕು.

ಕೊನೆಗೆ ನಮ್ಮ ಸಂಘಕ್ಕೊಂದು ವಿನಂತಿ. ತಿಂಡಿಯ ಚಿತ್ರಗಳಿರುವ, ಕನ್ನಡ, ಹಿಂದಿ, ಒಡಿಯಾ, ಬಂಗಾಲಿ, ನೇಪಾಳಿಯಲ್ಲಿ ಹೆಸರು ಬರೆದ ಒಂದು ಕಾರ್ಡಿನ ಕಟ್ಟನ್ನು ಸಂಘವೇ ಮಾಡಿಸಿ ಸದಸ್ಯರಿಗೆ ಹಂಚಬಾರದೇಕೆ? ಒಬ್ಬೊಬ್ಬರೇ ಮಾಡಿಸಿದರೆ ಖರ್ಚು ಹೆಚ್ಚು, ಸೇರಿ ಮಾಡಿಸಿದರೆ ಕೈಗೆಟಕುತ್ತದೆ. ವಾರ್ಷಿಕ ಸಭೆಯ ದಿನ ಹುಡುಗರಿಗೆ ಅದೇ ಕಾರ್ಡುಗಳ ಪಂದ್ಯ ಇಟ್ಟರೆ, ವರ್ಷವಿಡೀ ಹಿಂದೆ ನಿಲ್ಲುವವರು ಒಂದು ದಿನ ಮುಂದೆ ನಿಲ್ಲುತ್ತಾರೆ.

ಅಂದಹಾಗೆ ಆ ಹಿರಿಯರು ತಿರುಗಿ ಬಂದರು. ಕಾರ್ಡಿನ ಹತ್ತನೇ ಮುದ್ರೆ ಒತ್ತಿಸಿಕೊಂಡ ದಿನ ದೋಸೆಯನ್ನು ಮೊಮ್ಮಗನಿಗೆ ಕೊಡಿಸಿದರು. ಹೋಗುವಾಗ ಕೇಳಿದರು, "ಅಣ್ಣಾ, ಮುಂದಿನ ಕಾರ್ಡಿಗೂ ಎರಡು ಮುದ್ರೆ ಇದೆಯಲ್ಲ?"

— ಓರ್ವ ಸದಸ್ಯ, ಮುಂಬಯಿ