ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೆಣ್ಣುಮಕ್ಕಳ ಮೇಲೆ ಈ ಗಾದೆಯನ್ನು ಎಸೆಯುವವರು ಒಮ್ಮೆಯಾದರೂ ನೆಲವನ್ನು ಅಳೆದು ನೋಡಿದ್ದಾರೆಯೇ? ನಾನು ಅಳೆದು ನೋಡಿದ್ದೇನೆ. ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಡೊಂಕು ಮಾಡಿದವರು ಮಾತ್ರ ಏನೂ ಅರಿಯದವರಂತೆ ಪಕ್ಕದಲ್ಲೇ ನಿಂತಿರುತ್ತಾರೆ. ಲ್ಯಾಪ್‌ಟಾಪಿನ ದನಿಯ ವಿಚಾರದಲ್ಲಿ ಆಗಿರುವುದು ಇದೇ.

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಮುಂದಿನ ಆವೃತ್ತಿಗೆ ಹಳೆಯ ಯಂತ್ರಗಳು ಅನೇಕವು ಅರ್ಹವಲ್ಲ. ಗಟ್ಟಿಮುಟ್ಟಾಗಿರುವುದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ನಾನು ಲಿನಕ್ಸ್ ಹಾಕಿಕೊಂಡೆ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ ಅದು. ಎಲ್ಲವೂ ಚೆನ್ನಾಗಿತ್ತು, ದನಿಯೊಂದನ್ನು ಬಿಟ್ಟು. ಎಂಟನೆಯ ತರಗತಿಯ ಮಕ್ಕಳಿಗೆ ಕೇಳಿಸಲೆಂದು ಕಾವ್ಯವಾಚನ ಹಚ್ಚಿದರೆ, ಗಮಕಿಗಳು ಎಣ್ಣೆ ಡಬ್ಬದೊಳಗೆ ಕುಳಿತು ಹಾಡಿದಂತೆ ಕೇಳುತ್ತಿತ್ತು. ಯಂತ್ರ ಮಾರಿದ ಅಂಗಡಿಯಲ್ಲಿ ವಿಚಾರಿಸಿದಾಗ ಬಂದ ಉತ್ತರ: "ಬಿಟ್ಟಿ ಸಿಕ್ಕಿದ್ದು ಹಾಗೇ ಮೇಡಂ. ಹೊಸದು ತಗೊಂಡುಬಿಡಿ. ನಿಮಗ್ಯಾಕೆ ಈ ತಲೆನೋವು?"

ಈ ಒಂದು ಉತ್ತರದಲ್ಲಿ ಮೂರು ಸುಳ್ಳುಗಳಿವೆ.

ಬಿಟ್ಟಿ ತಂತ್ರಾಂಶವಾದ್ದರಿಂದ ದನಿ ಕೆಟ್ಟಿತು ಎಂಬುದು ಮೊದಲನೆಯದು. ಲ್ಯಾಪ್‌ಟಾಪುಗಳು ತೆಳ್ಳಗಾಗುತ್ತ ಬಂದಂತೆ ಅವುಗಳ ಸ್ಪೀಕರುಗಳೂ ಚಿಕ್ಕವಾದವು. ಅಷ್ಟು ಸಣ್ಣ ಪೊರೆ ಎಷ್ಟು ಗಾಳಿಯನ್ನು ತಳ್ಳೀತು? ಮಂದ್ರ ಸ್ವರ ಮೇಲೇಳುವುದೇ ಇಲ್ಲ, ನಡುವಿನ ಸ್ವರ ಕಿರುಚುತ್ತದೆ. ತಯಾರಕರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಎಲ್ಲಿ ತಗ್ಗಿಸಬೇಕು, ಎಲ್ಲಿ ಏರಿಸಬೇಕು ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ತಂತ್ರಾಂಶದಲ್ಲಿ ಅಡಗಿಸುತ್ತಾರೆ. ಹಲವು ಕಂಪನಿಗಳು ಅದನ್ನು ವಿಂಡೋಸಿಗೆ ಕೊಡುವ ಚಾಲಕ ತಂತ್ರಾಂಶದೊಳಗಷ್ಟೇ ಇಡುತ್ತವೆ. ಲಿನಕ್ಸ್ ಬಂದೊಡನೆ ಸ್ಪೀಕರು ಬಣ್ಣ ಕಳಚಿದ ವೇಷಧಾರಿಯಂತೆ ತನ್ನ ಅಸಲು ಮುಖ ತೋರಿಸುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ತಾರಕ್ಕೊಂದು, ಮಂದ್ರಕ್ಕೊಂದು ಎಂದು ಎರಡು ಜೋಡಿ ಸ್ಪೀಕರುಗಳಿರುತ್ತವೆ. ಒಂದು ಜೋಡಿಯನ್ನು ನಡೆಸುವ ಚಿಪ್ಪಿನ ವಿವರ ಲಿನಕ್ಸಿಗೆ ಸಿಗದಿದ್ದರೆ ಆ ಜೋಡಿ ಮೂಕವಾಗಿ ಕೂರುತ್ತದೆ. ನಾಲ್ಕಕ್ಕೆ ಹಣ ಕೊಟ್ಟವಳಿಗೆ ಎರಡೇ ಹಾಡುತ್ತವೆ.

ಪುರಾವೆ ಬೇಕೇ? ಆಪಲ್ ಕಂಪನಿಯ ಹೊಸ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ತರಲು ಹೊರಟ ಅಸಾಹಿ ಎಂಬ ಸ್ವಯಂಸೇವಕರ ಬಳಗವೊಂದಿದೆ. ಅಲ್ಲಿನ ಸ್ಪೀಕರುಗಳು ಲಂಗುಲಗಾಮಿಲ್ಲದೆ ಜೋರಾದರೆ ಸುರುಳಿ ಬಿಸಿಯೇರಿ ಸುಟ್ಟೇಹೋಗಬಹುದು. ಆದ್ದರಿಂದ ಅವರು ಮೊದಲು ಸ್ಪೀಕರುಗಳನ್ನು ಮುಚ್ಚಿಯೇ ಇಟ್ಟರು. ಬಿಸಿಯನ್ನು ಲೆಕ್ಕಹಾಕಿ ದನಿ ತಗ್ಗಿಸುವ ಕಾವಲು ತಂತ್ರಾಂಶ ಬರೆದರು. ಒಂದೊಂದು ಮಾದರಿಯ ದನಿಯನ್ನೂ ಅಳೆದು ತಿದ್ದಿದರು. 2023ರ ಡಿಸೆಂಬರಿನಲ್ಲಿ ಹೊರಬಂದ ಅವರ ಆವೃತ್ತಿಯಲ್ಲಿ ಈ ತಿದ್ದುಪಡಿ ಸೇರಿಕೊಂಡಿತು. ಅದೇ ಸ್ಪೀಕರು, ಅದೇ ಲಿನಕ್ಸ್; ಲೆಕ್ಕ ಕೂಡಿಬಂದೊಡನೆ ದನಿ ತುಂಬಿ ಬಂತು. ಹಾಗಾದರೆ ದೋಷ ಯಾರದು?

ಹೊಸದು ಕೊಳ್ಳಲೇಬೇಕು ಎಂಬುದು ಎರಡನೆಯ ಸುಳ್ಳು. ಮೊದಲು ಇಯರ್‌ಫೋನ್ ಹಾಕಿ ಕೇಳಿ. ಅದರಲ್ಲಿ ದನಿ ಚೆನ್ನಾಗಿದ್ದರೆ ತೊಂದರೆ ಹಾಡಿನಲ್ಲಿಲ್ಲ, ಸ್ಪೀಕರಿನ ದಾರಿಯಲ್ಲಿದೆ ಎಂದು ತಿಳಿಯಿರಿ. ಆಮೇಲೆ ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ. ಸಾಲಾಗಿ ಕಂಬಗಳು ಕಾಣುತ್ತವೆ. ಎಫ್6 ಒತ್ತಿ ನಿಮ್ಮ ಯಂತ್ರದ ಧ್ವನಿ ಕಾರ್ಡನ್ನು ಆರಿಸಿಕೊಳ್ಳಿ. ಯಾವುದಾದರೂ ಕಂಬದ ಕೆಳಗೆ ಎರಡು ಎಂ ಅಕ್ಷರಗಳಿದ್ದರೆ ಆ ದಾರಿ ಮುಚ್ಚಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ತೆರೆಯುತ್ತದೆ. ನನ್ನ ಯಂತ್ರದಲ್ಲಿ ಬಾಸ್ ಸ್ಪೀಕರ್ ಎಂಬ ಕಂಬವೇ ಮುಚ್ಚಿತ್ತು. ತೆರೆದೊಡನೆ ಅರ್ಧ ಕಾಯಿಲೆ ವಾಸಿಯಾಯಿತು. ಉಳಿದರ್ಧಕ್ಕೆ ಈಸಿ ಎಫೆಕ್ಟ್ಸ್ ಎಂಬ ಉಚಿತ ತಂತ್ರಾಂಶ ಸಾಕಾಯಿತು. ಅದರ ಈಕ್ವಲೈಸರಿನಲ್ಲಿ ಕಿರುಚುವ ನಡುವಿನ ಸ್ವರಗಳನ್ನು ಸ್ವಲ್ಪ ತಗ್ಗಿಸಬೇಕು. ಪುಟ್ಟ ಸ್ಪೀಕರು ಹೇಗೂ ಹೊರಡಿಸಲಾರದ ಅತಿ ಕೆಳಗಿನ ಸ್ವರಗಳನ್ನು ಕತ್ತರಿಸಬೇಕು. ದನಿಯನ್ನು ಶೇಕಡಾ 100ಕ್ಕಿಂತ ಮೇಲೇರಿಸುವ ಆಸೆ ಮಾತ್ರ ಬೇಡ. ಅದು ಸದ್ದನ್ನು ಹರಿದುಹಾಕುತ್ತದೆ. ಒಂದು ಜೋಡಿ ಪೂರ್ತಿ ಮೂಕವಾಗಿದ್ದರೆ ಲಿನಕ್ಸಿನ ಹೊಸ ಆವೃತ್ತಿಗೆ ಏರಿ ನೋಡಿ, ಬೇಕಾದ ಚಾಲಕ ಈಗ ಬಂದಿರಬಹುದು.

ನಿಮಗ್ಯಾಕೆ ಎಂಬುದು ಮೂರನೆಯ ಸುಳ್ಳು, ಮೂರರಲ್ಲಿ ಅತ್ಯಂತ ನೀಚವಾದದ್ದೂ ಇದೇ. ಕುಕ್ಕರಿನ ಸೀಟಿ ಕೇಳಿಯೇ ಅದರ ರಬ್ಬರು ಹಳತಾಗಿದೆ ಎನ್ನುವವರು ನಾವು. ಮಿಕ್ಸಿಯ ಸದ್ದು ಬದಲಾದರೆ ಪಕ್ಕದ ಕೋಣೆಯಿಂದಲೇ ತಿಳಿಯುವವರು. ಅದೇ ಕಿವಿ ಲ್ಯಾಪ್‌ಟಾಪಿನ ಮುಂದೆ ಕಿವುಡಾಗುತ್ತದೆಯೇ? ಕೇರಳದ ಸರಕಾರಿ ಶಾಲೆಗಳಲ್ಲಿ ಶಿಕ್ಷಕ ಶಿಕ್ಷಕಿಯರು ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ಮಾಡುತ್ತಿದ್ದಾರೆ. ನಮ್ಮಲ್ಲೂ 2010ರ ದಶಕದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಸರಕಾರಿ ಪ್ರೌಢಶಾಲೆಯ ಶಿಕ್ಷಕರು ಉಬುಂಟು ಕಲಿತರು. ಅವರಲ್ಲಿ ಯಾರಿಗೂ ಮೀಸೆ ಕಡ್ಡಾಯವಾಗಿರಲಿಲ್ಲ.

ಲಿನಕ್ಸ್ ಬಳಸುವವರು ಕಡಿಮೆ, ಅವರಿಗಾಗಿ ಕಂಪನಿಗಳು ಯಾಕೆ ಖರ್ಚು ಮಾಡಬೇಕು ಎಂದು ಕೇಳುವವರಿದ್ದಾರೆ. ಖರ್ಚು ಮಾಡಿ ಎಂದವರಾರು? ಅಳತೆ ಆಗಲೇ ಆಗಿದೆ, ಅದರ ಬೆಲೆಯನ್ನು ಯಂತ್ರದ ಜೊತೆಗೇ ನಾವು ತೆತ್ತಾಗಿದೆ. ರವಿಕೆ ಹೊಲಿದ ದರ್ಜಿ, ನನ್ನದೇ ಮೈಯ ಅಳತೆಯ ಚೀಟಿಯನ್ನು ನನಗೆ ಕೊಡುವುದಿಲ್ಲ ಎಂದರೆ ಒಪ್ಪುತ್ತೇವೆಯೇ? ನಾವು ಕೇಳುತ್ತಿರುವುದು ಆ ಚೀಟಿಯನ್ನು ಮಾತ್ರ. ಮನಸ್ಸಿದ್ದರೆ ಆಗುತ್ತದೆ, ಸಿರಸ್ ಲಾಜಿಕ್‌ನಂಥ ಚಿಪ್ಪು ತಯಾರಕರು ಲಿನಕ್ಸಿನ ಚಾಲಕಗಳನ್ನು ತಾವೇ ಬರೆದುಕೊಟ್ಟಿದ್ದಾರೆ.

ಲಿನಕ್ಸ್ ಬಲ್ಲ ತರುಣರಿಗೂ ಒಂದು ಮಾತು. ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ನೀವು, ಮುಚ್ಚಿದ ಕಂಬವೊಂದನ್ನು ತೆರೆಯುವ ಬಗೆಯನ್ನು ಕನ್ನಡದಲ್ಲಿ ಒಂದು ಪುಟ ಬರೆಯಲಾರಿರಾ? ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವ ಭಾಷೆಯಲ್ಲಿ ಬರೆದಿಟ್ಟರೆ, ನಿಮ್ಮದೂ ಇನ್ನೊಂದು ಬಗೆಯ ಬೀಗವೇ.

ಗೆಳತಿಯರೇ, ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ ಬಣ್ಣ, ತೂಕ, ರಿಯಾಯಿತಿ ಕೇಳಿದ ಮೇಲೆ ಇನ್ನೊಂದನ್ನೂ ಕೇಳಿ. ಲಿನಕ್ಸನ್ನು ಒಂದು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋಗಿ. ಯಂತ್ರದೊಳಗೆ ಏನನ್ನೂ ಅಳಿಸದೆ, ಅದರಿಂದಲೇ ಚಾಲೂ ಮಾಡಿ ಹಾಡು ಹಚ್ಚಬಹುದು. ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ನಮ್ಮ ಮರ್ಯಾದೆಯ ಮಾತಿಗೆ ಬಗ್ಗದ ಕಂಪನಿಗಳು, ಕೈಬಿಟ್ಟ ವ್ಯಾಪಾರಕ್ಕಾದರೂ ಬಗ್ಗಲಿ.