ಮನೆ ಲೆಕ್ಕ: ಅಮಾವಾಸ್ಯೆಗೆ ಹೊರಟ ಪ್ರವಾಸ



ಯುಗಾದಿ ಕೂಟದ ಊಟದ ಸಾಲಿನಲ್ಲಿ ನಿಂತಿದ್ದಾಗ, ನಮ್ಮ ಸಂಘಕ್ಕೆ ಹೊಸದಾಗಿ ಸೇರಿದ ಎಳೆಯ ದಂಪತಿಗಳು ಬಂದು ಮಾತನಾಡಿಸಿದರು. ಮದುವೆಯಾಗಿ ಎರಡು ವರ್ಷ. ಇಬ್ಬರೇ ಇನ್ನೂ ಎಲ್ಲಿಗೂ ಹೋಗಿಲ್ಲವಂತೆ. "ಆಂಟಿ, ಕೆರಿಬಿಯನ್ ಕಡೆಯ ಒಂದು ದ್ವೀಪಕ್ಕೆ ಬಹಳ ಅಗ್ಗದ ಪ್ಯಾಕೇಜು ಸಿಕ್ಕಿದೆ. ವಿಮಾನ, ರೂಮು, ಊಟ ಎಲ್ಲಾ ಸೇರಿ. ನೀವು ಲೆಕ್ಕ ಬರೆಯುವವರು, ಹೇಳಿ, ದುಡ್ಡು ಕಟ್ಟಿಬಿಡೋಣವೆ?" ಎಂದಳು ಆ ಹುಡುಗಿ. "ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ತಾರೀಕು ನೋಡಿದಿರಾ?" ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದ್ರೆ ಹೋದ ವರ್ಷವೇ ಮುಗಿದಿತ್ತು. ತಟ್ಟೆಯಲ್ಲಿದ್ದ ಹೋಳಿಗೆ ತಣ್ಣಗಾಯಿತು.

ಈ ಸಲದ 'ಮನೆ ಲೆಕ್ಕ' ಅವರಿಬ್ಬರಿಗಾಗಿ. ಮತ್ತು ಇದೇ ಪ್ರಶ್ನೆ ಮನಸ್ಸಿನಲ್ಲಿದ್ದೂ ಕೇಳದೆ ಸುಮ್ಮನಿರುವ ಇತರರಿಗಾಗಿ.

ಮೊದಲು ಕಾಗದ ಪತ್ರದ ಮಾತು. ಕೆಲಸದ ಎಚ್-1 ವೀಸಾದಲ್ಲಿರುವವರಿಗೆ ಇಲ್ಲಿ ಇರುವ ಅನುಮತಿಯೇ ಬೇರೆ, ಪಾಸ್‌ಪೋರ್ಟಿಗೆ ಒತ್ತಿದ ಮುದ್ರೆಯೇ ಬೇರೆ. ಅನುಮತಿ ಮುಂದುವರಿದಿದ್ದರೆ ಹೇವರ್ಡಿನಲ್ಲಿ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರಬಹುದು. ಆದರೆ ಒಮ್ಮೆ ದೇಶದ ಗಡಿ ದಾಟಿದರೆ ಒಳಗೆ ಬರಲು ಮುದ್ರೆ ಬೇಕು. ಮುದ್ರೆ ಮುಗಿದವರು ಕೆನಡಾಕ್ಕೋ ಮೆಕ್ಸಿಕೋಗೋ 30 ದಿನದೊಳಗೆ ಹೋಗಿ ಬರಲು ಒಂದು ರಿಯಾಯಿತಿ ಉಂಟು. ಎಚ್-1ನವರಿಗೆ ಆ ರಿಯಾಯಿತಿ ಕೆರಿಬಿಯನ್ ದ್ವೀಪಗಳಿಗೆ ಇಲ್ಲ. ಜಮೈಕಾಕ್ಕೋ ಬಾರ್ಬಡೋಸಿಗೋ ಹೋದವರು ಹಿಂದಕ್ಕೆ ಬರುವ ವಿಮಾನ ಹತ್ತಲಾರದೆ, ಮುದ್ರೆಗಾಗಿ ಭಾರತಕ್ಕೇ ಹೋಗಬೇಕಾದೀತು. ಐದು ದಿನದ ಅಗ್ಗದ ರಜೆ ಐದು ತಿಂಗಳ ವನವಾಸವಾದರೆ ಅದನ್ನು ಯಾವ ಖಾತೆಗೆ ಬರೆಯುವುದು?

ಹಾಗಾದರೆ ಕೆರಿಬಿಯನ್ ಆಸೆ ಬಿಟ್ಟುಬಿಡಬೇಕೆ? ಬೇಡ. ಪೋರ್ಟೊ ರಿಕೊ ಇದೆ. 1898ರಲ್ಲಿ ಸ್ಪೇನಿನ ಕೈತಪ್ಪಿ ಅಮೆರಿಕದ ವಶಕ್ಕೆ ಬಂದ ದ್ವೀಪ ಅದು. ನಮ್ಮ ಊರಿನಿಂದ ಅಲ್ಲಿಗೆ ಹೋಗುವುದು ನ್ಯೂಯಾರ್ಕಿಗೆ ಹೋದ ಹಾಗೆಯೇ: ದೇಶದೊಳಗಿನ ಪ್ರಯಾಣ, ಅದೇ ಡಾಲರು, ಅದೇ ಕ್ಯಾಲಿಫೋರ್ನಿಯಾದ ಲೈಸೆನ್ಸು. ನಾಗರಿಕರಲ್ಲದವರು ಪಾಸ್‌ಪೋರ್ಟು ಮತ್ತು ಅನುಮತಿ ಪತ್ರ ಜೊತೆಯಲ್ಲೇ ಇಟ್ಟುಕೊಂಡಿರಲಿ. ಅಲ್ಲಿ ಯಾರಾದರೂ ಕೇಳಬಹುದು. ಎರಡು ಎಚ್ಚರಿಕೆಗಳು. ಟಿಕೆಟ್ಟು ಬೇರೆ ದೇಶದ ವಿಮಾನ ನಿಲ್ದಾಣದ ಮೇಲೆ ಹಾಯದಂತೆ ನೋಡಿಕೊಳ್ಳಿ. "ಇಲ್ಲಿಂದ ಪಕ್ಕದ ದ್ವೀಪಕ್ಕೆ ಹಡಗಿನಲ್ಲಿ ಒಂದು ಸುತ್ತು ಹೋಗಿ ಬನ್ನಿ" ಎಂದು ಯಾರಾದರೂ ಕರೆದರೆ, ಆ ಪಕ್ಕದ ದ್ವೀಪ ಯಾವ ದೇಶದ್ದೆಂದು ಕೇಳಿ. ಉಳಿದದ್ದನ್ನು ನಿಮ್ಮ ವಕೀಲರಲ್ಲಿ ಖಾತ್ರಿ ಮಾಡಿಕೊಳ್ಳಿ.

ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದರೆ, ನಾವೂ ಹೋಗಿ ಬಂದವರು. ಅದರ ಕಥೆ ಸ್ವಲ್ಪ ಉಂಟು.

ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ 'ಊರಿನ ಟಿಕೆಟ್ಟು' ಎಂಬ ಖಾನೆ 22 ವರ್ಷ ಒಂದು ಸಲವೂ ಖಾಲಿ ಬಿದ್ದಿರಲಿಲ್ಲ. ರಜೆಯೆಂದರೆ ಊರು, ಊರೆಂದರೆ ಶೃಂಗೇರಿ ಕಡೆಯ ಮನೆಯಲ್ಲಿ ನಮ್ಮತ್ತೆ. ಎರಡು ವಾರ ಅವರ ಜೊತೆ, ಒಂದು ವಾರ ಕಲಬುರಗಿಯಲ್ಲಿ ನನ್ನ ತವರು, ಉಳಿದ ದಿನ ಮದುವೆ, ಮುಂಜಿ, ಔಷಧಿ ಅಂಗಡಿ. 2023ರಲ್ಲಿ ಅತ್ತೆಯವರು ತೀರಿಕೊಂಡರು. ಅದೇ ವರ್ಷ ಮಗಳು ಕಾಲೇಜಿಗೆಂದು ಮನೆ ಬಿಟ್ಟಳು. ಜನವರಿಯಲ್ಲಿ ಎಂದಿನಂತೆ ಪುಸ್ತಕಕ್ಕೆ ಗೆರೆ ಹಾಕಲು ಕುಳಿತಾಗ ಆ ಖಾನೆಯ ಮುಂದೆ ಪೆನ್ನು ನಿಂತಿತು. "ಈ ವರ್ಷ ಏನು ಬರೆಯಲಿ ರೀ?" ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾವಿಬ್ಬರೇ ಎಲ್ಲಿಗಾದರೂ ಹೋಗಿದ್ದೇವೇನೇ?" ಎಂದರು. ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಇರಲಿಲ್ಲ.

ಸಮುದ್ರ ನೋಡಬೇಕೆಂದು ಇಬ್ಬರಿಗೂ ಆಸೆ. ಹೇವರ್ಡಿನಲ್ಲಿ ನೀರಿಲ್ಲವೆ ಎಂದು ಕೇಳಬೇಡಿ; ನಮ್ಮ ತೀರದ ಜೌಗಿನಲ್ಲಿ ಕೊಕ್ಕರೆ ನೋಡಬಹುದು, ಇಳಿಯುವ ಹಾಗಿಲ್ಲ. 92ನೇ ಹೆದ್ದಾರಿ ಹಿಡಿದು ಸೇತುವೆ ದಾಟಿ ಹಾಫ್ ಮೂನ್ ಬೇ ಮುಟ್ಟಿದರೆ ಮರಳೇನೋ ಚೆನ್ನ. ನೀರಿಗೆ ಪಾದ ಇಟ್ಟರೆ ಹಲ್ಲು ಕಟಕಟ. ಉತ್ತರದಿಂದ ಹರಿದು ಬರುವ ಪ್ರವಾಹ, ಆಳದಿಂದ ಮೇಲೇಳುವ ತಣ್ಣೀರು ಸೇರಿ, ಬೇಸಿಗೆಯಲ್ಲೂ 60 ಡಿಗ್ರಿ ಮುಟ್ಟುವುದು ಕಷ್ಟ. ಪೋರ್ಟೊ ರಿಕೊದ ನೀರು ಮೇ ತಿಂಗಳಲ್ಲಿ 80ರ ಆಚೆ ಈಚೆ, ಸ್ನಾನಕ್ಕೆ ತೋಡಿಟ್ಟ ಹಾಗೆ. ಹವಾಯಿ ಏಕಲ್ಲ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ವಿಮಾನ ಐದೇ ಗಂಟೆ, ಟಿಕೆಟ್ಟೂ ಕಡಿಮೆ. ಆದರೆ ನಾವು ನೋಡಿದ ವಾರದಲ್ಲಿ ಟಿಕೆಟ್ಟಿನಲ್ಲಿ ಉಳಿದದ್ದು ಎರಡೇ ರಾತ್ರಿಯ ರೂಮಿನಲ್ಲಿ ಕರಗಿಹೋಗುತ್ತಿತ್ತು.

ಮುಂದಿನದು ತಿಂಗಳು. ಚಳಿಗಾಲದಲ್ಲಿ ಪೂರ್ವತೀರದವರೆಲ್ಲ ಅಲ್ಲಿಗೆ ನುಗ್ಗುವುದರಿಂದ ಬೆಲೆ ಏರಿರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ; 2017ರ ಸೆಪ್ಟೆಂಬರ್ 20ರಂದು 'ಮರಿಯ' ಬೀಸಿದಾಗ ಇಡೀ ದ್ವೀಪ ಕತ್ತಲಾಗಿ, ಎಷ್ಟೋ ಮನೆಗಳಿಗೆ ತಿಂಗಳುಗಟ್ಟಲೆ ವಿದ್ಯುತ್ತು ಬರಲಿಲ್ಲ. ಈಸ್ಟರ್ ವಾರದ ಜಂಗುಳಿ ಮುಗಿದು ಜೂನ್ ಹುಟ್ಟುವ ಮೊದಲಿನ ವಾರಗಳೇ ಜೇಬಿಗೂ ಆಕಾಶಕ್ಕೂ ಹಿತ. ಆ ವಾರಗಳಲ್ಲಿ ಯಾವುದೆಂದು ಆರಿಸಲು ನಾನು ಪಂಚಾಂಗ ತೆಗೆದೆ. ಏಕೆಂದರೆ ಫಹಾರ್ಡೊ ಎಂಬ ಊರಿನ ಹತ್ತಿರ ರಾತ್ರಿ ಹೊಳೆಯುವ ನೀರಿನ ಸರೋವರವೊಂದಿದೆ; ಅದನ್ನು ನೋಡಲು ಬೆಳುದಿಂಗಳು ಇರಬಾರದು. 2024ರ ಮೇ 7ರ ರಾತ್ರಿ ಅಮಾವಾಸ್ಯೆ ಬರುತ್ತಿತ್ತು. ಮೇ 4ಕ್ಕೆ ಟಿಕೆಟ್ಟು ಗೊತ್ತುಮಾಡಿದೆ.

"ಅಮಾವಾಸ್ಯೆ ಎದುರಿಗಿಟ್ಟುಕೊಂಡು ಪ್ರಯಾಣ ಹೊರಡುವುದೆ? ಅಮ್ಮ ಇದ್ದಿದ್ದರೆ ಬಿಡುತ್ತಿದ್ದಳೇನೇ?" ಎಂದರು ನಮ್ಮವರು. "ಅಮ್ಮ ಇದ್ದಿದ್ದರೆ ಊರಿಗೇ ಹೋಗುತ್ತಿದ್ದೆವು" ಎಂದೆ. ಅಲ್ಲಿಗೆ ಆ ಮಾತು ನಿಂತಿತು.

ಇನ್ನು ರೂಮು. ನಾನು ಮೊದಲು ಗೊತ್ತುಮಾಡಿದ ಹೋಟೆಲಿನವರು (ಹೆಸರು ಬೇಡ) ತೋರಿಸಿದ ಬೆಲೆಯೇ ಒಂದು, ಕೊನೆಗೆ 'ರೆಸಾರ್ಟ್ ಫೀ' ಎಂದು ದಿನಕ್ಕೆ ಇಷ್ಟು ಸೇರಿಸಿದ ಮೇಲೆ ಆದದ್ದೇ ಇನ್ನೊಂದು. ಪುಣ್ಯಕ್ಕೆ ಹಣ ವಾಪಸಾಯಿತು. ಪೋರ್ಟೊ ರಿಕೊದಲ್ಲಿ ಕಡಲತೀರವೆಲ್ಲ ಕಾನೂನಿನ ಪ್ರಕಾರ ಸಾರ್ವಜನಿಕರದು. ಕುರ್ಚಿ, ಕೊಡೆ ಹೋಟೆಲಿನವು; ಮರಳು ಎಲ್ಲರದು. ಆದಕಾರಣ ಸಮುದ್ರಕ್ಕೆ ಅಂಟಿಕೊಂಡ ರೂಮಿಗೆ ದುಬಾರಿ ತೆರುವ ಅಗತ್ಯವಿಲ್ಲ. ಸಾನ್ ಹ್ವಾನ್ ವಿಮಾನ ನಿಲ್ದಾಣದಿಂದ ಮುಕ್ಕಾಲು ಗಂಟೆ ಪೂರ್ವಕ್ಕಿರುವ ಲುಕಿಯೊ ಎಂಬ ಸಣ್ಣ ಊರಿನಲ್ಲಿ, ಅಡಿಗೆಮನೆ ಇರುವ ಒಂದು ಕೋಣೆ ಹಿಡಿದೆವು. ದ್ವೀಪದ ದಕ್ಷಿಣಕ್ಕೆ ಕೆರಿಬಿಯನ್ ಸಮುದ್ರ, ಉತ್ತರಕ್ಕೆ ಅಟ್ಲಾಂಟಿಕ್. ಲುಕಿಯೊ ಅಟ್ಲಾಂಟಿಕ್ ಕಡೆಯದಾದರೂ ಹವಳದ ದಿಬ್ಬ ಅಡ್ಡವಿರುವುದರಿಂದ ಅಲೆ ಸೌಮ್ಯ. ಈಜು ಬಾರದ ನನ್ನಂಥವಳೂ ಎದೆಮಟ್ಟದವರೆಗೆ ಹೋದೆ. ಎಲ್ ಯುಂಕೆ ಮಳೆಕಾಡು ಬೆನ್ನ ಹಿಂದೆಯೇ, ಫಹಾರ್ಡೊ ಪಕ್ಕದಲ್ಲೇ. ದಾರಿಯಲ್ಲಿ ಒಂದು ತಮಾಷೆ: ಅಲ್ಲಿ ದೂರ ಕಿಲೋಮೀಟರಿನಲ್ಲಿ, ವೇಗದ ಮಿತಿ ಮೈಲಿಯಲ್ಲಿ, ಪೆಟ್ರೋಲು ಲೀಟರಿನಲ್ಲಿ. ಅರ್ಧ ಇಂಡಿಯಾ, ಅರ್ಧ ಅಮೆರಿಕ, ನಮ್ಮ ಹಾಗೆಯೇ.

ಊಟದ ಮಾತಿಗೆ ಬಂದೆ. ಶಾಕಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಕೇಳದೆ ತಿನ್ನಬಾರದು. ಅಲ್ಲಿನವರ ಹಬ್ಬದ ಅನ್ನದಲ್ಲಿ ಹಸಿರು ಕಾಳೊಂದು ಇಣುಕುತ್ತದೆ, 'ಗಂಡುಲೆಸ್' ಎನ್ನುತ್ತಾರೆ. ಹತ್ತಿರದಿಂದ ನೋಡಿದೆ: ತೊಗರಿ! ನಮ್ಮ ಕಲಬುರಗಿಯ ತೊಗರಿ! ಭಾರತದಲ್ಲಿ ಹುಟ್ಟಿದ ಬೆಳೆ ಸಮುದ್ರಗಳನ್ನು ದಾಟಿ ನನಗಿಂತ ಎಷ್ಟೋ ಮೊದಲೇ ಅಲ್ಲಿ ಹೋಗಿ ಕುಳಿತಿದೆ. ಆದರೆ ಆ ಅನ್ನಕ್ಕೂ ಹುರುಳಿಕಾಯಿ ಬೀಜದ ಸಾರಿಗೂ ಹಂದಿಮಾಂಸ ಹಾಕುವುದು ರೂಢಿ. 'ಸಿನ್ ಕಾರ್ನೆ' ಎಂದರೆ ಮಾಂಸವಿಲ್ಲದೆ. 'ಸಿನ್ ಹಮೋನ್' ಎಂದೂ ಸೇರಿಸಿ ಹೇಳಿ, ಹ್ಯಾಮನ್ನು ಕೆಲವರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಳೆಕಾಯಿಯನ್ನು ಎರಡು ಸಲ ಕರಿದು ತಟ್ಟಿದ 'ತೊಸ್ತೋನೆಸ್' ನಮ್ಮ ಬಾಯಿಗೆ ಸರಿ. ಅದನ್ನೇ 'ಪಾನಾ'ದಲ್ಲೂ ಮಾಡುತ್ತಾರೆ. ಪಾನಾ ಎಂದರೆ ನಮ್ಮ ದಕ್ಷಿಣ ಕನ್ನಡದವರ ಜೀಗುಜ್ಜೆ. ಲುಕಿಯೊದಲ್ಲಿ ಹೆದ್ದಾರಿಯ ಪಕ್ಕ ಸುಮಾರು 60 ತಿಂಡಿ ಗೂಡುಗಳ ಸಾಲೇ ಇದೆ. ಮಧ್ಯಾಹ್ನ ಅಲ್ಲಿ, ಬೆಳಿಗ್ಗೆ ರಾತ್ರಿ ಕೋಣೆಯಲ್ಲಿ. ಚಿಕ್ಕ ಕುಕ್ಕರು, ಅವಲಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ ಪೆಟ್ಟಿಗೆಯಲ್ಲಿ ಹೋಗಿದ್ದವು. ಡಬ್ಬಿ ತೊಗರಿಕಾಳಿನ ಹುಳಿ ಮಾಡಿದ ದಿನ ನಮ್ಮವರು ಮೂರು ಸಲ ಬಡಿಸಿಕೊಂಡರು.

ನೋಡಿದ್ದನ್ನೆಲ್ಲ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಒಂದು ದಿನ ಸಾನ್ ಹ್ವಾನಿನ ಹಳೆಯ ಕೋಟೆ. ಒಂದು ದಿನ ಸೇಯ್ಬ ಬಂದರಿನಿಂದ ದೋಣಿಯಲ್ಲಿ ಕುಲೇಬ್ರ ದ್ವೀಪ. ನಾವು ಹೋದಾಗ ಒಬ್ಬರಿಗೆ ಎರಡೂಕಾಲು ಡಾಲರು, ಟಿಕೆಟ್ಟು ಮೊದಲೇ ತೆಗೆದಿಡಬೇಕು. ಅಲ್ಲಿನ ಫ್ಲಮೆಂಕೊ ತೀರದ ಬಿಳಿ ಮರಳಿನಲ್ಲಿ ತುಕ್ಕು ಹಿಡಿದ ಯುದ್ಧದ ಟ್ಯಾಂಕು ಬಿದ್ದಿದೆ. 1975ರವರೆಗೆ ಅಮೆರಿಕದ ನೌಕಾಪಡೆ ಆ ದ್ವೀಪದಲ್ಲಿ ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿತ್ತು. ಊರವರು ಹಟ ಹಿಡಿದು ನಿಲ್ಲಿಸಿದರು. ಈಗ ಟ್ಯಾಂಕಿನ ಮೇಲೆ ಯಾರೋ ಬಣ್ಣ ಬಳಿದಿದ್ದಾರೆ.

ಎರಡು ರಾತ್ರಿಗಳ ಮಾತು ಮಾತ್ರ ಹೇಳಲೇಬೇಕು. ಮೊದಲನೆಯ ರಾತ್ರಿ ದೀಪ ಆರಿಸಿದೊಡನೆ ಕಿಟಕಿಯಾಚೆ "ಕೋ-ಕೀ, ಕೋ-ಕೀ" ಎಂದು ಶುರುವಾಯಿತು. ಬೆರಳ ತುದಿಯಷ್ಟಿರುವ ಕಪ್ಪೆ. ಕೂಗಿನಿಂದಲೇ ಅದಕ್ಕೆ 'ಕೋಕೀ' ಎಂದು ಹೆಸರು. ನನಗೆ ನಿದ್ದೆ ಕೆಟ್ಟಿತು. ನಮ್ಮವರು ಎದ್ದು ಹೋಗಿ ಕಿಟಕಿ ಇನ್ನಷ್ಟು ತೆರೆದರು. "ಮಳೆಗಾಲದಲ್ಲಿ ನಮ್ಮನೆ ಹಿತ್ತಲು ಹೀಗೇ ಇರುತ್ತಿತ್ತು" ಎಂದು ಶುರುಮಾಡಿದವರು, ತೋಟ, ತಂದೆಯ ಸಾಲ, ಕಂಬಳಿಕೊಪ್ಪೆ, ಅಮ್ಮ ಕದ್ದು ಕೊಡುತ್ತಿದ್ದ ಹಲಸಿನ ಹಪ್ಪಳ ಎಂದು ಹೇಳುತ್ತಲೇ ಹೋದರು. ಅತ್ತೆ ತೀರಿಕೊಂಡು ಏಳು ತಿಂಗಳಾಗಿತ್ತು. ಅಲ್ಲಿಯವರೆಗೆ ಅವರು ಆ ವಿಷಯವಾಗಿ ಒಂದು ಮಾತೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ, ತಿಥಿ, ಟಿಕೆಟ್ಟು, ಖರ್ಚು ಇವುಗಳ ಮಾತೇ ಆಗಿತ್ತು.

ಎರಡನೆಯದು ಅಮಾವಾಸ್ಯೆ ರಾತ್ರಿ. ಇಬ್ಬರು ಕೂರುವ ಪುಟ್ಟ ದೋಣಿ. ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆ. ಅವರು ಬಲಕ್ಕೆ ಹುಟ್ಟು ಹಾಕಿದರೆ ನಾನು ಎಡಕ್ಕೆ. ಎರಡು ಸಲ ಗಿಡಕ್ಕೆ ಗುದ್ದಿದೆವು, ಮೂರು ಸಲ ಜಗಳವಾಡಿದೆವು. ಸರೋವರಕ್ಕೆ ಬಂದಾಗ ಗಪ್ಪೆಂದು ಕತ್ತಲು. ಹುಟ್ಟು ತಾಗಿದಲ್ಲೆಲ್ಲ ನೀರು ನೀಲಿಯಾಗಿ ಬೆಳಗಿತು. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು, ಅಲುಗಿಸಿದಾಗ ಬೆಳಕು ಬಿಡುತ್ತವಂತೆ. ಹುಟ್ಟು ಎತ್ತಿದರೆ ತೊಟ್ಟಿಕ್ಕುವ ಹನಿಯೂ ಕಿಡಿ. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಅವರ ದನಿ ಬಂತು: "ಅಮ್ಮನಿಗೆ ಫೋನು ಮಾಡಿ ಹೇಳಬೇಕಿತ್ತು ಕಣೇ." ಅಮಾವಾಸ್ಯೆಗೆ ಹೊರಟೆವೆಂದು ಮೊದಲು ಬೈಯುತ್ತಿದ್ದರು, ಆಮೇಲೆ ಎಲ್ಲಾ ಬಿಡಿಸಿ ಕೇಳುತ್ತಿದ್ದರು ಎಂದೆ. ಇಬ್ಬರೂ ನಕ್ಕೆವು.

ಈಗ ಲೆಕ್ಕ, ಇಬ್ಬರಿಗೆ, ಆರು ರಾತ್ರಿ: ಒಂದು ಕಡೆ ಬದಲಿಸುವ ವಿಮಾನದ ಟಿಕೆಟ್ಟು 780 ಡಾಲರು, ಕೋಣೆ 750, ಬಾಡಿಗೆ ಕಾರು ಪೆಟ್ರೋಲು ಸಹಿತ 330, ಊಟ ತಿಂಡಿ 260, ದೋಣಿ, ಕೋಟೆ, ಹೊಳೆಯುವ ಸರೋವರ 150, ಚಿಲ್ಲರೆ 60. ಒಟ್ಟು 2330. ನಿಮಗೆ ಬೀಳುವ ಬೆಲೆ ಬೇರೆಯಿರಬಹುದು, ಖಾನೆಗಳು ಇವೇ. ಪುಸ್ತಕದಲ್ಲಿ ಬರೆಯದ ನಷ್ಟ ಒಂದು: ಹೊರಡುವ ದಿನ ಆಸೆಪಟ್ಟು ಕೊಂಡ ನಾಲ್ಕು ಮಾವಿನಹಣ್ಣು. ಅಲ್ಲಿಂದ ಇತ್ತ ಬರುವ ಪೆಟ್ಟಿಗೆಗಳನ್ನು ಕೃಷಿ ಇಲಾಖೆಯವರು ಪರೀಕ್ಷಿಸುತ್ತಾರೆ, ಮಾವು ತರುವ ಹಾಗಿಲ್ಲ. ತಪ್ಪು ನನ್ನದೇ. ಎರಡನ್ನು ಅಲ್ಲೇ ನಿಂತು ತಿಂದೆವು.

ಆ ಎಳೆಯ ದಂಪತಿಗಳಿಗೆ ನನ್ನ ಮಾತು ಇಷ್ಟೆ. ಅಗ್ಗದ ಟಿಕೆಟ್ಟು ಸಿಕ್ಕಿತೆಂದು ದ್ವೀಪ ಆರಿಸಬೇಡಿ. ನೆಮ್ಮದಿಯಾಗಿ ಮನೆಗೆ ಮರಳಬಹುದಾದ ದ್ವೀಪ ಆರಿಸಿ. ಮತ್ತು 22 ವರ್ಷ ಕಾಯಬೇಡಿ. ಊರಿನ ಖಾನೆ ಇರಲಿ, ತಂದೆ ತಾಯಿ ಇರುವಷ್ಟು ದಿನ ಅದು ತುಂಬಿರಲೇಬೇಕು. ಅದರ ಕೆಳಗೆ 'ನಮ್ಮಿಬ್ಬರಿಗೆ' ಎಂದು ಇನ್ನೊಂದು ಗೆರೆ ಈಗಲೇ ಎಳೆಯಿರಿ. ತಿಂಗಳಿಗೆ 50 ಡಾಲರು ಹಾಕಿದರೂ ಸಾಕು, ನಾಲ್ಕು ವರ್ಷಕ್ಕೊಂದು ಅಮಾವಾಸ್ಯೆ ನಿಮ್ಮದಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ: ಮಕ್ಕಳ ಕಾಲೇಜು ಖರ್ಚು. ಅದಕ್ಕೆ ಅಮಾವಾಸ್ಯೆ, ಹುಣ್ಣಿಮೆ ಎರಡೂ ಇಲ್ಲ.